ಆರು ಲೋಟದ ಸ್ಟೀಲ್ ಫಿಲ್ಟರ್: ಹಾಸನದಿಂದ ಮ್ಯೂನಿಕ್‌ಗೆ ಹೋಗಿ ಬಂದ ಮೇಲೆ

2016ರ ಅಕ್ಟೋಬರಿನಲ್ಲಿ ಕೆಲಸದ ಮೇಲೆ ಜರ್ಮನಿಯ ಮ್ಯೂನಿಕ್ ನಗರಕ್ಕೆ ಹೊರಡುವ ವಾರ, ಹಾಸನದ ಕಟ್ಟಿನಕೆರೆ ಮಾರುಕಟ್ಟೆಯ ಕಡೆಯ ಪಾತ್ರೆ ಅಂಗಡಿಯೊಂದರಲ್ಲಿ ಅಮ್ಮ ನನಗೊಂದು ಸ್ಟೀಲ್ ಕಾಫಿ ಫಿಲ್ಟರ್ ಕೊಡಿಸಿದರು. ಯಾವ ದೊಡ್ಡ ಕಂಪನಿಯ ಹೆಸರೂ ಇಲ್ಲದ, ಅಂಗಡಿಯವರು ‘ಆರು ಲೋಟದ್ದು’ ಎಂದು ಕರೆಯುವ ನಡು ಅಳತೆಯ ಫಿಲ್ಟರ್ ಅದು. ಏಳು ವರ್ಷ ದಿನಕ್ಕೆರಡು ಸಲ ಅದರಲ್ಲಿ ಡಿಕಾಕ್ಷನ್ ಇಳಿಸಿ, ಊರಿಗೆ ಮರಳಿದ ಮೇಲೆ ಅದೇ ಅಂಗಡಿಯಲ್ಲಿ ಅದೇ ಅಳತೆಯ ಇನ್ನೊಂದನ್ನು ಕೊಂಡಿದ್ದೇನೆ. ಹೊರದೇಶಕ್ಕೆ ಹೊರಟ ಮಕ್ಕಳಿಗೆ ಏನು ಕಟ್ಟಿ ಕಳಿಸಬೇಕೆಂದು ಕೇಳುವ ಮನೆಗಳು ಹಾಸನ, ಚಿಕ್ಕಮಗಳೂರಿನ ಕಡೆ ಈಗ ಬಹಳ ಇರುವುದರಿಂದ, ಈ ಪಾತ್ರೆಯ ಗುಣದೋಷಗಳನ್ನು ಅನುಭವದಿಂದ ಬರೆದಿಡುವುದು ಉಪಯೋಗಕ್ಕೆ ಬರಬಹುದೆಂದು ನಂಬಿದ್ದೇನೆ.

ನಾನು ಒಯ್ದ ಸಾಮಾನುಗಳಲ್ಲಿ ಅಲ್ಲಿ ಯಾವ ತಿದ್ದುಪಡಿಯನ್ನೂ ಕೇಳದೆ ಮೊದಲ ದಿನದಿಂದಲೇ ಕೆಲಸ ಮಾಡಿದ್ದು ಈ ಫಿಲ್ಟರ್ ಒಂದೇ. ಮಿಕ್ಸಿಯ ಮೂರು ಕಡ್ಡಿಯ ಪ್ಲಗ್ಗು ಅಲ್ಲಿನ ಸಾಕೆಟ್ಟಿಗೆ ಹಿಡಿಯಲಿಲ್ಲ; ಅಡಾಪ್ಟರ್ ತಂದು ಹಿಡಿಸಿದ ಮೇಲೆ, ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ಮತ್ತು ಭಾನುವಾರ ಇಡೀ ದಿನ ಗದ್ದಲ ಮಾಡಬಾರದೆಂಬ ವಠಾರದ ನಿಯಮ ಎದುರಾಯಿತು. ಅಲ್ಯೂಮಿನಿಯಂ ಕುಕ್ಕರ್ ಮೊದಲ ಮನೆಯ ಇಂಡಕ್ಷನ್ ಒಲೆಯ ಮೇಲೆ ಬಿಸಿಯೇ ಆಗಲಿಲ್ಲ. ಫಿಲ್ಟರಿಗೆ ಕರೆಂಟು ಬೇಡ, ಒಲೆಯ ಜಾತಿ ಯಾವುದೆಂಬ ಚಿಂತೆ ಬೇಡ, ಸದ್ದೂ ಇಲ್ಲ. ಕುದಿಯುವ ನೀರೊಂದು ಸಿಕ್ಕರೆ ಸಾಕು. ಆದರೆ ಫಿಲ್ಟರ್ ಇದ್ದಂತೆಯೇ ಇದ್ದರೂ ಅದರ ಸುತ್ತಲಿನ ಪುಡಿ, ನೀರು, ಹಾಲು ಮೂರೂ ಬದಲಾದವು. ಅವುಗಳನ್ನು ಅದಕ್ಕೆ ಹೊಂದಿಸುವಾಗ ನಡೆದ ಪ್ರಸಂಗಗಳನ್ನು ಬಿಟ್ಟು ಈ ಪಾತ್ರೆಯ ವಿಮರ್ಶೆ ಬರೆಯಲು ಸಾಧ್ಯವಿಲ್ಲ.

ಒಂದರ ಮೇಲೊಂದು ಕೂರುವ ಎರಡು ಪಾತ್ರೆ, ಒಂದು ಮುಚ್ಚಳ, ನಡುವೆ ಕೋಲಿರುವ ಒಂದು ತೂತಿನ ಬಿಲ್ಲೆ: ಇಷ್ಟೇ ಇದರ ಭಾಗಗಳು. ಅಂಗಡಿಯ ಯಜಮಾನರು ಅಂದು ಮೇಲಿನ ಪಾತ್ರೆಯನ್ನು ಬಾಗಿಲಿನ ಬೆಳಕಿಗೆ ಹಿಡಿದು, “ಎಲ್ಲ ತೂತೂ ಕಣ್ಣು ಬಿಟ್ಟಿದಾವಾ ನೋಡ್ಕೊಳಮ್ಮ, ಒಂದು ಮುಚ್ಚಿದ್ರೂ ಬೇರೆ ಕೊಡ್ತೀನಿ” ಎಂದಿದ್ದರು. ಪಕ್ಕದಲ್ಲಿದ್ದ ಹಿತ್ತಾಳೆಯ ಫಿಲ್ಟರಿನ ಮೇಲೆ ನನಗೆ ಮನಸ್ಸಾಗಿತ್ತು. ಹಿತ್ತಾಳೆಯಲ್ಲಿ ಡಿಕಾಕ್ಷನ್ ಹೆಚ್ಚು ಹೊತ್ತು ಬಿಸಿಯಾಗಿರುತ್ತದೆ ಎನ್ನುತ್ತಾರೆ. ಆದರೆ ಒಳಗೆ ಕಲಾಯಿ ಸವೆದಾಗ ಮತ್ತೆ ಹಾಕಿಸಬೇಕು. ಹಾಸನದಲ್ಲೇ ಕಲಾಯಿ ಹಾಕುವವರನ್ನು ಹುಡುಕಬೇಕಾದ ಕಾಲದಲ್ಲಿ ಮ್ಯೂನಿಕ್‌ನಲ್ಲಿ ಯಾರನ್ನು ಹುಡುಕಲಿ ಎಂದು ಅಮ್ಮ ಕೇಳಿದ ಪ್ರಶ್ನೆ ಸರಿಯಾದದ್ದೇ ಆಗಿತ್ತು. ಹೊರದೇಶಕ್ಕೆ ಒಯ್ಯುವವರು ಸ್ಟೀಲನ್ನೇ ಕೊಳ್ಳಬೇಕು.

ಒಯ್ಯುವ ರೀತಿಯ ಬಗ್ಗೆ ನಾನು ಕಲಿತದ್ದು ವಿಮಾನ ನಿಲ್ದಾಣವೊಂದರ ತಪಾಸಣೆಯ ಮೇಜಿನ ಮುಂದೆ. ಜಾಗ ಉಳಿಯಲೆಂದು ಫಿಲ್ಟರಿನೊಳಗೆ ಸಕಲೇಶಪುರದ ಏಲಕ್ಕಿಯನ್ನು ತುಂಬಿ, ಎರಡೂ ಪಾತ್ರೆಗಳನ್ನು ಬಿಗಿಯಾಗಿ ಒತ್ತಿ, ಕೈಚೀಲದಲ್ಲಿ ಇಟ್ಟುಕೊಂಡಿದ್ದೆ. ಎಕ್ಸ್‌ರೇ ಪರದೆಯ ಮೇಲೆ ಅದು ಒಳಗೆ ಕಾಳುಗಳು ತುಂಬಿದ, ನಡುವೆ ಕೋಲೊಂದಿರುವ ಲೋಹದ ಕೊಳವೆಯಂತೆ ಕಂಡಿರಬೇಕು. ಬಿಚ್ಚಿ ತೋರಿಸಿ ಎಂದರು. ಅದು ಬಿಚ್ಚಲಿಲ್ಲ. ನಾನು ತಿರುವಿದೆ, ಸಿಬ್ಬಂದಿಯೊಬ್ಬರು ತಿರುವಿದರು, ಕೊನೆಗೆ ಮೇಲಿನದನ್ನು ಒಬ್ಬರು, ಕೆಳಗಿನದನ್ನು ಇನ್ನೊಬ್ಬರು ಹಿಡಿದು ಎಳೆದಾಗ ಅದು ಬಿಟ್ಟುಕೊಂಡಿತು. ಏಲಕ್ಕಿಯೆಲ್ಲ ಮೇಜಿನ ಮೇಲೂ ನೆಲದ ಮೇಲೂ ಚೆಲ್ಲಿ, ಆ ಸಾಲಿನಲ್ಲಿ ನಿಂತವರಿಗೆಲ್ಲ ಪಾಯಸದ ಮನೆಯ ಪರಿಮಳ ಹರಡಿತು. ಸಿಬ್ಬಂದಿಯವರೇ ಬಗ್ಗಿ ಆರಿಸಿಕೊಟ್ಟರು. ಆದ್ದರಿಂದ ಫಿಲ್ಟರನ್ನು ಖಾಲಿಯಾಗಿಯೇ, ಭಾಗಗಳನ್ನು ಬೇರೆ ಬೇರೆಯಾಗಿ ಬಟ್ಟೆಯಲ್ಲಿ ಸುತ್ತಿ, ದೊಡ್ಡ ಪೆಟ್ಟಿಗೆಯಲ್ಲಿ ಹಾಕಬೇಕು.

ಈ ಅಂಟಿಕೊಳ್ಳುವ ಗುಣವೇ ಈ ಫಿಲ್ಟರಿನ ಅತಿ ದೊಡ್ಡ ದೋಷವೆಂದು ನನ್ನ ಅಭಿಪ್ರಾಯ. ಬಿಸಿ ಡಿಕಾಕ್ಷನ್ ಇಳಿದು ತಣ್ಣಗಾಗುತ್ತಿದ್ದಂತೆ ಕೆಳಗಿನ ಪಾತ್ರೆಯೊಳಗಿನ ಗಾಳಿ ಕುಗ್ಗುತ್ತದೆ, ಅದರ ಬಾಯಿಯೂ ಮೇಲಿನದನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತದೆ. ನಮ್ಮ ಮನೆಗಳಲ್ಲಿ ಇಂಥ ಹೊತ್ತಿನಲ್ಲಿ ಲಟ್ಟಣಿಗೆಯಿಂದ ನಾಲ್ಕು ಪೆಟ್ಟು ಕೊಡುವುದು ವಾಡಿಕೆ. ಮ್ಯೂನಿಕ್‌ಗೆ ಹೋದ ಮೂರನೆಯ ಭಾನುವಾರ, ಬೆಳಿಗ್ಗೆ ಆರೂವರೆಗೆ, ನಾನೂ ಹಾಗೆಯೇ ಮಾಡಿದೆ. ಹತ್ತು ಗಂಟೆಗೆ ಬಾಗಿಲು ತೆರೆದಾಗ ಹೊರಗೆ ಒಂದು ಚೀಟಿ ಅಂಟಿಸಿತ್ತು: ಭಾನುವಾರದ ದಿನ ರಿಪೇರಿ ಕೆಲಸ ಮಾಡಬಾರದು, ದಯವಿಟ್ಟು ಸೋಮವಾರ ಮುಂದುವರಿಸಿ. ಬರೆದವರಿಗೆ ಅದು ಗೋಡೆಗೆ ಮೊಳೆ ಹೊಡೆಯುವ ಸದ್ದಿನಂತೆ ಕೇಳಿಸಿತ್ತು. ಸಂಜೆ ಅವರ ಮನೆಗೆ ಫಿಲ್ಟರನ್ನೇ ಕೈಯಲ್ಲಿ ಹಿಡಿದುಕೊಂಡು ಹೋಗಿ ಕ್ಷಮೆ ಕೇಳಿದೆ. ಆ ಮನೆಯ ಯಜಮಾನರು ಅದನ್ನು ತಿರುಗಿಸಿ ನೋಡಿ, ಬಡಿಯುವುದೇಕೆ, ಕೆಳಗಿನ ಪಾತ್ರೆಯನ್ನು ಎರಡು ನಿಮಿಷ ಬಿಸಿನೀರಿನಲ್ಲಿ ನಿಲ್ಲಿಸಿದರೆ ಅದು ಹಿಗ್ಗಿ ತಾನೇ ಬಿಡುತ್ತದಲ್ಲ ಎಂದರು. ಹಾಗೆಯೇ ಆಯಿತು. ಊರಿಗೆ ಬಂದ ಮೇಲೆ ಅಮ್ಮನಿಗೂ ಈ ವಿದ್ಯೆಯನ್ನು ತೋರಿಸಿಕೊಟ್ಟಿದ್ದೇನೆ. ನಮ್ಮ ಲಟ್ಟಣಿಗೆಗೆ ಈಗ ಚಪಾತಿಯ ಕೆಲಸ ಮಾತ್ರ.

ಪುಡಿಯ ವಿಷಯ ಇನ್ನೂ ದೊಡ್ಡದು. ಮೊದಲು ಒಯ್ದಿದ್ದ ಎರಡು ಕೆ.ಜಿ. ಚಿಕ್ಕಮಗಳೂರಿನ ಎಂ.ಜಿ. ರಸ್ತೆಯಲ್ಲಿ ಕಣ್ಣೆದುರೇ ಹುರಿದು ಬೀಸಿಸಿದ್ದು. ಅದು ನಾಲ್ಕು ತಿಂಗಳಿಗೆ ಮುಗಿಯಿತು. ಅಮ್ಮ ಅಂಚೆಯಲ್ಲಿ ಒಂದು ಕೆ.ಜಿ. ಕಳಿಸಿದರು. ಯುರೋಪಿನ ಒಕ್ಕೂಟದ ಹೊರಗಿನಿಂದ ಮನೆಯವರು ಕಳಿಸುವ ಉಡುಗೊರೆ ಪಾರ್ಸೆಲ್ಲಿಗೆ 45 ಯೂರೋ ಬೆಲೆಯವರೆಗೆ ಸುಂಕದ ವಿನಾಯಿತಿ ಇದ್ದರೂ, ಅದರಲ್ಲಿ ಕಾಫಿ 500 ಗ್ರಾಂ ಮೀರುವಂತಿಲ್ಲ ಎಂಬ ನಿಯಮ ನಮಗೆ ಗೊತ್ತಿರಲಿಲ್ಲ. ಜರ್ಮನಿಯಲ್ಲಿ ಕಾಫಿಗೆಂದೇ ಒಂದು ತೆರಿಗೆಯಿದೆ, ಹುರಿದ ಕಾಫಿಗೆ ಕೆ.ಜಿ.ಗೆ 2.19 ಯೂರೋ. ಸುಂಕದ ಕಚೇರಿಯಿಂದ ಕಾಗದ ಬಂತು, ಅರ್ಧ ದಿನ ರಜೆ ಹಾಕಿ ಹೋದೆ, ಅಧಿಕಾರಿಯ ಎದುರು ನಾನೇ ಪೆಟ್ಟಿಗೆಯನ್ನು ಬಿಚ್ಚಬೇಕಾಯಿತು. ಕೋಡುಬಳೆಯನ್ನು ಅವರು ಬಳೆಯೆಂದು ಬರೆದುಕೊಳ್ಳುವುದರಲ್ಲಿದ್ದರು. ಪೆಟ್ಟಿಗೆಯ ಮೇಲಿನ ಕಾಗದದಲ್ಲಿ ಅಣ್ಣ ಇಂಗ್ಲಿಷಿನಲ್ಲಿ ಅದನ್ನು ಹಾಗೆಯೇ ಅನುವಾದಿಸಿದ್ದ. ಒಂದನ್ನು ಮುರಿದು ತಿಂದು ತೋರಿಸಿದ ಮೇಲೆ ಅದು ತಿಂಡಿಯ ಪಟ್ಟಿಗೆ ಸೇರಿತು. ತುಪ್ಪದ ಡಬ್ಬಿಯನ್ನು ಮಾತ್ರ ಅವರು ತೆಗೆದಿಟ್ಟುಕೊಂಡರು, ಏಕೆಂದರೆ ಹೊರಗಿನ ದೇಶಗಳಿಂದ ಹಾಲಿನ ಪದಾರ್ಥ ತರುವುದು ಅಲ್ಲಿ ನಿಷಿದ್ಧ. ಕಾಫಿಗೆ ಕಟ್ಟಿದ ಹಣ ಅಲ್ಪವೇ. ಪುಡಿಯ ಪೊಟ್ಟಣವನ್ನು ಮರಳಿ ಕೊಡುವಾಗ ಆ ಅಧಿಕಾರಿ ಮೂಗಿನ ಹತ್ತಿರ ಹಿಡಿದು, ಇದನ್ನು ಎಲ್ಲಿ ಬೆಳೆಯುತ್ತಾರೆ ಎಂದು ವಿಚಾರಿಸಿದರು. ನಾನು ಮೊಬೈಲಿನಲ್ಲಿ ಬಾಬಾಬುಡನ್‌ಗಿರಿಯ ಚಿತ್ರ ತೋರಿಸಿದೆ.

ಪಾರ್ಸೆಲ್ಲಿನ ದಾರಿ ನಿಂತ ಮೇಲೆ ಅಲ್ಲಿನ ಅಂಗಡಿಯ ಪುಡಿಯನ್ನೇ ಹಾಕಿ ನೋಡಿದೆ. ಅದನ್ನು ಕಾಗದದ ಫಿಲ್ಟರಿಗೆಂದು ಸ್ವಲ್ಪ ತರಿಯಾಗಿ ಬೀಸಿರುತ್ತಾರೆ. ನಮ್ಮ ಫಿಲ್ಟರಿನಲ್ಲಿ ನೀರು ಐದೇ ನಿಮಿಷದಲ್ಲಿ ಸೋರಿ ಹೋಗಿ, ಕೆಳಗೆ ಸಿಗುವುದು ಹಾಲು ಹಾಕಿದೊಡನೆ ಬಣ್ಣ ಕಳೆದುಕೊಳ್ಳುವ ತಿಳಿನೀರು. ಎಸ್ಪ್ರೆಸ್ಸೊ ಯಂತ್ರಕ್ಕೆಂದು ನುಣ್ಣಗೆ ಬೀಸಿದ್ದು ತೂತುಗಳಲ್ಲಿ ಕೂತು, ಬೆಳಿಗ್ಗೆ ಹಾಕಿದ ನೀರು ಸಂಜೆ ಆಫೀಸಿನಿಂದ ಬಂದಾಗಲೂ ಮೇಲೆಯೇ ನಿಂತಿತ್ತು. ಕೊನೆಗೆ ಮನೆಯ ಹತ್ತಿರದ ಹುರಿಯುವ ಅಂಗಡಿಯೊಂದಕ್ಕೆ ಫಿಲ್ಟರನ್ನೇ ಒಯ್ದೆ. ನಿಮ್ಮ ಯಂತ್ರ ಯಾವುದು ಎಂದು ಕೇಳಿದ ಹುಡುಗನ ಮುಂದೆ ಇದನ್ನು ಇಟ್ಟಾಗ, ಯಂತ್ರದ ಉಳಿದ ಭಾಗ ಎಲ್ಲಿ ಎಂದು ಆತ ಕೇಳಿದ್ದು ಸಹಜವೇ ಆಗಿತ್ತು. ಮೂರು ಹದದಲ್ಲಿ ಬೀಸಿ, ಅಲ್ಲೇ ನೀರು ಹಾಕಿ, ಗಡಿಯಾರ ಹಿಡಿದು ನಿಂತೆವು. ಹದಿನೆಂಟು ನಿಮಿಷದಲ್ಲಿ ಹನಿ ಹನಿಯಾಗಿ ಇಳಿದ ಮೂರನೆಯದೇ ಸರಿಯಾದದ್ದು: ಕಾಗದದ ಫಿಲ್ಟರಿನ ಪುಡಿಗಿಂತ ನುಣುಪು, ಎಸ್ಪ್ರೆಸ್ಸೊಗಿಂತ ತರಿ. ಆ ಅಂಕಿಯನ್ನು ಆತ ತನ್ನ ಬೀಸುವ ಯಂತ್ರದ ಮೇಲೆ ಸಣ್ಣ ಚೀಟಿಯಲ್ಲಿ ಬರೆದು ಅಂಟಿಸಿದ. ಹದಿನೇಳನೆಯ ಶತಮಾನದಲ್ಲಿ ಬಾಬಾ ಬುಡನ್ ಅವರು ಯೆಮನ್ನಿನ ಮೋಖಾದಿಂದ ಏಳು ಬೀಜ ತಂದು ನಮ್ಮ ಗಿರಿಯಲ್ಲಿ ಬಿತ್ತಿದರೆಂಬ ಪ್ರತೀತಿಯನ್ನು ನಾನು ಹೇಳಿದ್ದು ಆ ಹದಿನೆಂಟು ನಿಮಿಷದಲ್ಲಿಯೇ. ಚಿಕ್ಕಮಗಳೂರು ಅರೇಬಿಕಾ, ಬಾಬಾಬುಡನ್‌ಗಿರಿ ಅರೇಬಿಕಾ ಎರಡಕ್ಕೂ 2019ರಲ್ಲಿ ಭೌಗೋಳಿಕ ಗುರುತು ಸಿಕ್ಕಾಗ ಆ ಸುದ್ದಿಯನ್ನೂ ಅವನಿಗೆ ತಲುಪಿಸಿದೆ.

ಆದರೂ ಒಂದು ಕೊರತೆ ಉಳಿದಿತ್ತು, ಅದು ಚಿಕೋರಿಯದು. ಚಿಕೋರಿ ನೀರನ್ನು ಹಿಡಿದಿಟ್ಟುಕೊಂಡು ಇಳಿಯುವ ವೇಗವನ್ನು ತಗ್ಗಿಸುತ್ತದೆ, ಡಿಕಾಕ್ಷನ್ನಿಗೆ ಮೈ ಕೊಡುತ್ತದೆ. ನಮ್ಮ ದೇಶದ ನಿಯಮದಂತೆ ಕಾಫಿ–ಚಿಕೋರಿ ಮಿಶ್ರಣದಲ್ಲಿ ಅದು ನೂರಕ್ಕೆ 49ನ್ನು ಮೀರುವಂತಿಲ್ಲ, ನಮ್ಮ ಮನೆಯ ಹದ ನೂರಕ್ಕೆ 15. ಜರ್ಮನಿಯಲ್ಲಿ ಅದು ಸಿಗುತ್ತದೆ, ಆದರೆ ಕಾಫಿಗೆ ಬೆರೆಸಲೆಂದಲ್ಲ, ಕಾಫಿಯ ಬದಲಿಗೆ ಕುಡಿಯಲೆಂದು. ನಾನು ಅದರ ಪೊಟ್ಟಣ ಹಿಡಿದು ಮೆಟ್ಟಿಲೇರುತ್ತಿದ್ದಾಗ ಎದುರಾದ ಎದುರು ಮನೆಯ ಅಜ್ಜಿಯ ಮುಖ ಚಿಕ್ಕದಾಯಿತು. ಯುದ್ಧಕಾಲದಲ್ಲಿ ಬಾಲ್ಯ ಕಳೆದ ಅವರಿಗೆ ಚಿಕೋರಿಯೆಂದರೆ ಕಾಫಿ ಸಿಗದ ದಿನಗಳ ‘ಮುಕೆಫುಕ್’ ಎಂಬ ಬದಲಿ ಪಾನೀಯದ ನೆನಪು. ನನಗೆ ಕಾಫಿ ಕೊಳ್ಳಲು ಹಣ ಸಾಲುತ್ತಿಲ್ಲವೆಂದು ಭಾವಿಸಿ, ಮರುದಿನ ಬಾಗಿಲಿಗೆ ಅರ್ಧ ಕೆ.ಜಿ. ಒಳ್ಳೆಯ ಕಾಫಿಯ ಪೊಟ್ಟಣ ಇಟ್ಟು ಹೋಗಿದ್ದರು. ಅಂಥ ಮನಸ್ಸಿಗೆ ಉತ್ತರವಾಗಿ ಅವರನ್ನು ಕಾಫಿಗೆ ಕರೆಯದೆ ಇರಲಾಗಲಿಲ್ಲ. ಫಿಲ್ಟರಿನಿಂದ ಇಳಿದ ಡಿಕಾಕ್ಷನ್ನಿಗೆ ಕುದಿಹಾಲು ಬೆರೆಸಿ, ಲೋಟದಿಂದ ಬಟ್ಟಲಿಗೆ ಎತ್ತಿ ಹೊಯ್ದು ನೊರೆ ಎಬ್ಬಿಸಿ ಕೊಟ್ಟೆ. ಕುಡಿದು ಮುಗಿಸಿದ ಮೇಲೆಯೇ ಇದರಲ್ಲಿ ಚಿಕೋರಿ ಇದೆಯೆಂದು ಹೇಳಿದೆ. ಅವರು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಇನ್ನೊಂದು ಲೋಟ ಕೇಳಿದರು.

ನಿಜ ಹೇಳಬೇಕೆಂದರೆ ಆ ಅಜ್ಜಿಯ ಪರಿಚಯವಾದದ್ದು ಅದಕ್ಕೂ ಮೊದಲು, ಹಾಲಿನ ದೆಸೆಯಿಂದ. 2018ರಲ್ಲಿ ಎರಡನೆಯ ಮನೆಗೆ ಬಂದ ದಿನ ಅಮ್ಮ ವಿಡಿಯೋ ಕರೆಯಲ್ಲಿ ಕೂತು, “ಹಾಲುಕ್ಕಿಸದೆ ಒಲೆ ಹಚ್ಬೇಡ ಕಣೆ” ಎಂದು ಹೇಳಿದಂತೆ ಹಾಲು ಉಕ್ಕಿಸಿದೆ. ಗಾಜಿನ ಒಲೆಯ ಮೇಲೆ ಚೆಲ್ಲಿದ ಹಾಲು ಸುಟ್ಟು ಹೊಗೆ ಎದ್ದಿತು. ಬವೇರಿಯಾ ರಾಜ್ಯದಲ್ಲಿ 2017ರ ಕೊನೆಯೊಳಗೆ ಹಳೆಯ ಮನೆಗಳಿಗೂ ಕಡ್ಡಾಯವಾಗಿದ್ದ ಹೊಗೆಯ ಗಂಟೆ ಕೂಗಿಕೊಂಡಿತು. ಅಜ್ಜಿ ಬಕೆಟ್ಟಿನಲ್ಲಿ ನೀರು ಹಿಡಿದು ಓಡಿಬಂದರು. ಬೇಕೆಂದೇ ಉಕ್ಕಿಸಿದ್ದು, ಮನೆ ತುಂಬಿ ಉಕ್ಕಲೆಂಬ ಶುಭದ ಶಾಸ್ತ್ರ ಇದು ಎಂದು ನನ್ನ ಹರಕು ಜರ್ಮನ್ನಿನಲ್ಲಿ ವಿವರಿಸಿದಾಗ, ಅವರು ಬಕೆಟ್ಟು ಕೆಳಗಿಟ್ಟು ಫೋನಿನಲ್ಲಿದ್ದ ಅಮ್ಮನಿಗೆ ಶುಭಾಶಯ ಹೇಳಿದರು. ಭಾಷೆ ಗೊತ್ತಿಲ್ಲದ ಅಮ್ಮ, “ಕಾಫಿ ಕುಡ್ಕೊಂಡು ಹೋಗೋಕೆ ಹೇಳು” ಎಂದರು.

ಆ ಹಾಲಿನ ಬಗ್ಗೆಯೂ ತಿಳಿದಿರಬೇಕು. ಅಂಗಡಿಯ ಸಾಮಾನ್ಯ ಹಾಲಿನಲ್ಲಿ ಕೊಬ್ಬು ನೂರಕ್ಕೆ 3.5ರಷ್ಟು, ನಮ್ಮ ನಂದಿನಿ ಶುಭಂ ಹಾಲಿನದು 4.5. ಅದೂ ಅಲ್ಲದೆ ಕೊಬ್ಬಿನ ಕಣಗಳನ್ನು ಒಡೆದು ಹಾಲಿನಲ್ಲೇ ಬೆರೆಸಿರುವುದರಿಂದ ಎಷ್ಟು ಕಾಯಿಸಿದರೂ ಕೆನೆ ಕಟ್ಟುವುದಿಲ್ಲ. ಸಹೋದ್ಯೋಗಿಯೊಬ್ಬರು ನಗರದ ಹೊರಗಿನ ದನದ ಕೊಟ್ಟಿಗೆಯ ಬಳಿಯ ಹಾಲಿನ ಯಂತ್ರವೊಂದನ್ನು ತೋರಿಸಿದರು: ನಾಣ್ಯ ಹಾಕಿ ಬಾಟಲಿ ಹಿಡಿದರೆ ಕರೆದ ಹಾಲು ಬರುತ್ತದೆ. ಕಾಯಿಸಿಯೇ ಕುಡಿಯಬೇಕೆಂದು ಅಲ್ಲಿ ಎದ್ದು ಕಾಣುವಂತೆ ಬರೆದಿರುತ್ತಾರೆ. ಆ ಎಚ್ಚರಿಕೆಯನ್ನು ನನಗಾಗಿ ಓದಿ ಹೇಳಿ, ಅರ್ಥವಾಯಿತೇ ಎಂದು ಅವರು ಎರಡು ಸಲ ಕೇಳಿದರು. ಹಾಲು ಕಾಯಿಸದೆ ಕುಡಿದದ್ದೇ ಇಲ್ಲವೆಂದು ನಾನು ಹೇಳಿದಾಗ ಅವರಿಗೆ ಆಶ್ಚರ್ಯವಾಯಿತು. ಆ ಹಾಲಿನಲ್ಲಿ ಕೆನೆ ಕಟ್ಟಿತು, ಕಾಫಿ ಮನೆಯ ಕಾಫಿಯಾಯಿತು. ಅಲ್ಲಿ ಭಾನುವಾರ ಅಂಗಡಿಗಳು ಮುಚ್ಚಿರುತ್ತವೆ, ಉಳಿದ ದಿನವೂ ರಾತ್ರಿ ಎಂಟಕ್ಕೆ ಬಾಗಿಲು ಹಾಕುತ್ತಾರೆ. ಶನಿವಾರ ಸಂಜೆಯೇ ಹಾಲು ತಂದಿಟ್ಟುಕೊಳ್ಳಬೇಕು.

ನೀರಿನ ತೊಂದರೆ ತಡವಾಗಿ ತಿಳಿಯಿತು. ಮ್ಯೂನಿಕ್‌ನ ನಲ್ಲಿಯ ನೀರು ಆಲ್ಪ್ಸ್ ಪರ್ವತದ ತಪ್ಪಲಿನಿಂದ ಬರುವಂಥದು, ಕುಡಿಯಲು ಬಹಳ ರುಚಿ. ಆದರೆ ಸುಣ್ಣದ ಅಂಶ ಹೆಚ್ಚಿರುವ ಗಡಸು ನೀರು. ಹೇಮಾವತಿ ನೀರಿನ ಮನೆಯಲ್ಲಿ ಬೆಳೆದ ನನಗೆ ಆರು ತಿಂಗಳಾದ ಮೇಲೆ ತೂತುಗಳು ಮುಚ್ಚುತ್ತಿರುವುದು ಕಂಡಿತು. ಊರಿನಲ್ಲಾದರೆ ಮೇಲಿನ ಪಾತ್ರೆಯನ್ನು ಗ್ಯಾಸಿನ ಉರಿಯ ಮೇಲೆ ಹಿಡಿದು, ತೂತಿನಲ್ಲಿ ಕೂತ ಚರಟವನ್ನು ಸುಟ್ಟು, ಮೆಲ್ಲಗೆ ತಟ್ಟುತ್ತೇವೆ. ಗಾಜಿನ ಒಲೆಯಲ್ಲಿ ಉರಿಯೇ ಇಲ್ಲ; ಸುಣ್ಣ ಉರಿಗೆ ಹೋಗುವಂಥದ್ದೂ ಅಲ್ಲ. ನಿಂಬೆಉಪ್ಪು ಕರಗಿಸಿದ ಬಿಸಿನೀರಿನಲ್ಲಿ ತಿಂಗಳಿಗೊಮ್ಮೆ ಅರ್ಧ ಗಂಟೆ ನೆನೆಸಿದರೆ ಪೂರ್ತಿ ಬಿಡುತ್ತದೆ. ಬೋರ್‌ವೆಲ್ ನೀರು ಬಳಸುವ ನಮ್ಮ ಊರಿನ ಮನೆಗಳಿಗೂ ಇದು ಅನ್ವಯಿಸುತ್ತದೆ. ಸೂಜಿಯಿಂದ ಚುಚ್ಚಬಾರದು; ತೂತು ದೊಡ್ಡದಾದರೆ ಆ ಫಿಲ್ಟರ್ ಕೆಟ್ಟಂತೆ.

ಆಫೀಸಿಗೆ ಇದನ್ನು ಒಯ್ದದ್ದು ಒಂದೇ ಸಲ. ಹನ್ನೆರಡು ಜನರಿಗೆ ಆರು ಲೋಟದ ಫಿಲ್ಟರ್ ಸಾಲಲಿಲ್ಲ. ಮೂರು ಸಲ ಇಳಿಸುವಷ್ಟರಲ್ಲಿ ಮೀಟಿಂಗಿನ ಹೊತ್ತು ಮೀರಿತು. ತಣ್ಣಗಾದ ಡಿಕಾಕ್ಷನ್ನನ್ನು ಒಬ್ಬರು ಪಾತ್ರೆಸಮೇತ ಮೈಕ್ರೋವೇವಿನಲ್ಲಿಟ್ಟಾಗ ಕಿಡಿ ಹಾರಿ, ಎಲ್ಲರೂ ಒಮ್ಮೆಲೇ ಗುಂಡಿ ಒತ್ತಲು ಓಡಿದರು. ಸ್ಟೀಲಿನ ಪಾತ್ರೆಯೆಂದು ನಾನೇ ಮೊದಲು ಎಚ್ಚರಿಸಬೇಕಿತ್ತು. ಆದರೆ ಆ ದಿನವೇ ಒಂದು ಸಂಗತಿ ತಿಳಿಯಿತು. ಜರ್ಮನ್ನರು ದಿನವೂ ಬಳಸುವ ಕಾಗದದ ಫಿಲ್ಟರನ್ನು 1908ರಲ್ಲಿ ರೂಪಿಸಿದವರು ಡ್ರೆಸ್ಡೆನ್ನಿನ ಮೆಲಿಟ್ಟಾ ಬೆಂಟ್ಸ್ ಎಂಬ ಗೃಹಿಣಿ. ಆಕೆ ಹಿತ್ತಾಳೆಯ ಪಾತ್ರೆಯೊಂದರ ತಳಕ್ಕೆ ತೂತು ಹೊಡೆದು, ಮಗನ ಶಾಲೆಯ ಪುಸ್ತಕದ ಮಸಿ ಹೀರುವ ಕಾಗದವನ್ನು ಹಾಸಿ ಕಾಫಿ ಸೋಸಿದ್ದರಂತೆ. ಇದನ್ನು ಹೇಳಿದ ಡ್ರೆಸ್ಡೆನ್ ಕಡೆಯ ಸಹೋದ್ಯೋಗಿ ನನ್ನ ಫಿಲ್ಟರಿನ ತಳವನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದ ರೀತಿ ಥೇಟ್ ಹಾಸನದ ಪಾತ್ರೆ ಅಂಗಡಿಯ ಯಜಮಾನರದೇ ಆಗಿತ್ತು. ಇಷ್ಟು ಸಣ್ಣ ತೂತು ಇದ್ದರೆ ಕಾಗದವೇಕೆ ಎಂದು ಆಕೆ ತನ್ನಷ್ಟಕ್ಕೆ ಹೇಳಿಕೊಂಡದ್ದು ನನಗೆ ಬಹಳ ಸಂತೋಷ ಕೊಟ್ಟಿತು.

ಇನ್ನುಳಿದ ದೋಷಗಳು ಸಣ್ಣವು. ಕೆಳಗಿನ ಪಾತ್ರೆಗೆ ಹಿಡಿಯಿಲ್ಲ, ಸುರಿಯಲು ಮೂತಿಯೂ ಇಲ್ಲ. ಬಟ್ಟೆ ಹಿಡಿದೇ ಬಗ್ಗಿಸಬೇಕು. ಇಬ್ಬರಿರುವ ಮನೆಗೆ ಇದು ಸರಿಯಾದ ಅಳತೆ. ಒಬ್ಬರೇ ಇರುವವರು ಇದರಲ್ಲಿ ಎರಡೇ ಚಮಚ ಪುಡಿ ಹಾಕಿದರೆ ಪದರ ತೆಳುವಾಗಿ ನೀರು ಬೇಗ ಇಳಿದುಬಿಡುತ್ತದೆ, ಆದ್ದರಿಂದ ಅವರು ಎರಡು ಲೋಟದ್ದನ್ನೇ ಒಯ್ಯುವುದು ಮೇಲು.

2023ರಲ್ಲಿ ಹೊರಡುವಾಗ ಆ ಫಿಲ್ಟರನ್ನು ಎದುರು ಮನೆಯ ಅಜ್ಜಿ ಕೇಳಿ ಪಡೆದರು. ಜೊತೆಗೆ ಪುಡಿಯ ಅಂಗಡಿಯ ಚೀಟಿಯ ಅಂಕಿಯನ್ನು, ನಿಂಬೆಉಪ್ಪಿನ ಅಳತೆಯನ್ನು, ಅಂಟಿಕೊಂಡಾಗ ಬಡಿಯಬಾರದೆಂಬ ಮಾತನ್ನು ಜರ್ಮನ್ನಿನಲ್ಲಿ ಬರೆದುಕೊಟ್ಟೆ. ಈಗ ಹಾಸನದಲ್ಲಿ ಕೊಂಡಿರುವ ಹೊಸದರ ಬೆಲೆ ಹಳೆಯದಕ್ಕಿಂತ ಹೆಚ್ಚು, ತಗಡು ಸ್ವಲ್ಪ ತೆಳು, ಮುಚ್ಚಳ ಹಳೆಯದರಷ್ಟು ಬಿಗಿಯಾಗಿ ಕೂರುವುದಿಲ್ಲ; ಆದರೆ ತೂತುಗಳು ಮೊದಲಿನಷ್ಟೇ ಸಣ್ಣ, ಡಿಕಾಕ್ಷನ್ ಇಳಿಯಲು ಅದೇ ಹದಿನೆಂಟು ನಿಮಿಷ. ಅಂಗಡಿಯಲ್ಲಿ ಈಗ ಯಜಮಾನರ ಮಗ ಕೂರುತ್ತಾರೆ. ಬೆಳಕಿಗೆ ಹಿಡಿದು ತೋರಿಸಿ ಎಂದು ಕೇಳಿದರೆ ಅವರೂ ಬಾಗಿಲವರೆಗೆ ಬಂದು ತೋರಿಸುತ್ತಾರೆ, ಕೇಳಿಯೇ ಕೊಳ್ಳಿ.